ಹರಿದರೆ ಐವತ್ತು ರೂಪಾಯಿ

ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಹೆಚ್ಚಿನವರ ಅಪ್ಪ ಅಮ್ಮ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಈ ಮಕ್ಕಳಿಗಾಗಿ ಕೋಣೆಯಲ್ಲೇ ಒಂದು ಗ್ರಂಥಾಲಯ ಮಾಡಬೇಕೆಂದು ಕಂಡವರನ್ನೆಲ್ಲ ಕೇಳಿ ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್‌ನವರ ಚಿತ್ರಕಥೆಗಳನ್ನು ಕೂಡಿಸಿದೆ. ಒಂದೊಂದಕ್ಕೂ ಖಾಕಿ ಬೈಂಡು ಹಾಕಿ, ನಂಬರು ಬರೆದು, ಬೀರುವಿನಲ್ಲಿಟ್ಟು ಬೀಗ ಜಡಿದೆ. ಅಕ್ಷರ ಬಾರದ ಮಗು ಪುಸ್ತಕ ಆರಿಸುವುದೇ ಮೇಲಿನ ಚಿತ್ರ ನೋಡಿ. ಆ ಚಿತ್ರವನ್ನೇ ನಾನು ಮುಚ್ಚಿದ್ದೆ.

ಶನಿವಾರ ಮನೆಗೆ ಕೊಡುವಾಗ, ‘ಹರಿದರೆ ಐವತ್ತು ರೂಪಾಯಿ ದಂಡ’ ಎಂದು ಹೇಳುತ್ತಿದ್ದೆ. ವಸೂಲು ಮಾಡುವ ಇರಾದೆಯೇನೂ ಇರಲಿಲ್ಲ. ಪುಸ್ತಕಗಳು ಹೊಸದರಂತೆಯೇ ಹಿಂತಿರುಗಿದವು. ಅದನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದೆ.

ಒಬ್ಬ ಹುಡುಗಿಗೆ ತಾನು ಒಯ್ದ ಪುಸ್ತಕದ ಕಥೆ ಹೇಳಲು ಬರಲಿಲ್ಲ. ಸೋಮಾರಿ ಎಂದು ಎಲ್ಲರೆದುರು ಗದರಿದೆ. ಆಮೇಲೊಂದು ದಿನ ಹಾಜರಾತಿ ವಿಚಾರಿಸಲು ಅವರ ತಗಡಿನ ಶೆಡ್ಡಿಗೆ ಹೋದರೆ, ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ, ಮಗುವಿನ ಕೈಗೆ ಸಿಗದಷ್ಟು ಎತ್ತರದ ಮೊಳೆಗೆ ನೇತಾಡುತ್ತಿತ್ತು. ‘ಹರದ್ರ ರೊಕ್ಕ ಎಲ್ಲಿಂದ ಕೊಡೂದ್ರಿ ಟೀಚರ್? ಅದಕ್ಕ ಮುಟ್ಟಬ್ಯಾಡ ಅಂದೀನಿ’ ಎಂದರು ಅವಳ ಅವ್ವ. ಕುಡಿಯಲು ನೀರು ಕೊಟ್ಟರು. ಆ ಮಗುವಿನ ಮುಖ ನೋಡಲು ನನ್ನಿಂದಾಗಲಿಲ್ಲ. ಗದರಿದ ಮಾತು ಇವತ್ತಿಗೂ ಚುಚ್ಚುತ್ತದೆ.

ಗ್ರಂಥಪಾಲಕ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಪುಸ್ತಕವಿರುವುದು ಬಳಸಲಿಕ್ಕೆ ಎನ್ನುವುದೇ ಮೊದಲನೆಯದು. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದರಂತೆ. ದಿನಗೂಲಿಯ ಮನೆಗೆ ಐವತ್ತು ರೂಪಾಯಿಯ ಹೆದರಿಕೆ ಅದಕ್ಕಿಂತ ಗಟ್ಟಿ. ಪುಸ್ತಕವೇ ಇಲ್ಲದ ಮನೆಗೆ ಅದು ಮೊದಲ ಸಲ ಬಂದದ್ದು ಸಾಲದ ಹಾಗೆ.

ಬೈಂಡು ಬಿಚ್ಚಿದೆ. ಮಕ್ಕಳ ಎತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಪುಸ್ತಕಗಳನ್ನು ಸಿಕ್ಕಿಸಿದೆ. ದಂಡ ಇಲ್ಲವೆಂದು ಪಾಲಕರ ಸಭೆಯಲ್ಲಿ ಹೇಳಿದ್ದು ಸಾಲಲಿಲ್ಲ, ಶೆಡ್ಡು ಶೆಡ್ಡಿಗೆ ಹೋಗಿ ಹೇಳಬೇಕಾಯಿತು. ದಿನಾ ಒಂದು ಕಥೆ ಗಟ್ಟಿಯಾಗಿ ಓದತೊಡಗಿದೆ. ಕೇಳಿದ ಕಥೆಯ ಪುಸ್ತಕಕ್ಕೇ ಮಕ್ಕಳು ಮುಗಿಬೀಳುತ್ತಾರೆ, ಅದೇ ಬೇಗ ಹರಿಯುತ್ತದೆ. ಹರಿದದ್ದಕ್ಕೆ ಮೈದಾ ಅಂಟು ಕಾಯಿಸಿ ಅವರೇ ಹಚ್ಚುತ್ತಾರೆ.

ಕಟ್ಟಡ ಮುಗಿದರೆ ಕೆಲವರು ರಾತ್ರೋರಾತ್ರಿ ಬೇರೆ ಕಡೆ ಹೊರಟುಬಿಡುತ್ತಾರೆ, ಪುಸ್ತಕವೂ ಅವರೊಂದಿಗೆ ಹೋಗುತ್ತದೆ. ಮುಖ್ಯ ಶಿಕ್ಷಕರಿಗೆ ಲೆಕ್ಕ ಒಪ್ಪಿಸುವುದು ಕಷ್ಟವೇ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳು ಪುಕ್ಕಟೆ ಸಿಗುತ್ತವೆ. ಹೋದದ್ದರ ಜಾಗಕ್ಕೆ ಅಲ್ಲಿಂದ ಮುದ್ರಿಸಿ ಪಿನ್ ಹೊಡೆದು ಸೇರಿಸುತ್ತೇನೆ. ತೆಲುಗು ಮನೆಮಾತಿನ ಮಕ್ಕಳಿಗೆ ತೆಲುಗಿನವೂ ಇವೆ.