ಚಲಚ್ಚಿತ್ರದ ವೇಗವೂ ನೋಡುವ ಕಣ್ಣೂ

ಪರದೆಯ ಮೇಲಿನ ಚಿತ್ರವು ನಿಜವಾಗಿ ಚಲಿಸುವುದಿಲ್ಲವೆಂಬುದು ಪ್ರಿಯ ವಾಚಕರು ಬಲ್ಲ ಸಂಗತಿಯೇ. ಒಂದರ ಹಿಂದೊಂದಾಗಿ ಬರುವ ನಿಶ್ಚಲ ಚಿತ್ರಗಳನ್ನು ನಮ್ಮ ಕಣ್ಣೂ ಮನಸ್ಸೂ ಕೂಡಿ ಪೋಣಿಸಿ ಚಲನೆಯನ್ನಾಗಿ ಮಾಡಿಕೊಳ್ಳುತ್ತವೆ. ಮೂಕಚಿತ್ರಗಳ ಕಾಲದಲ್ಲಿ ಕೈಯಿಂದ ತಿರುಗಿಸುತ್ತಿದ್ದ ಯಂತ್ರದ ವೇಗವು ಒಂದೇ ಸಮನಾಗಿರಲಿಲ್ಲ. 1920ರ ದಶಕದ ಕೊನೆಯಲ್ಲಿ ವಾಕ್ಚಿತ್ರಗಳು ಬರಲು, ಧ್ವನಿಯು ಕೆಡದಂತೆ ಸೆಕೆಂಡಿಗೆ 24 ಚಿತ್ರಗಳೆಂಬ ನಿಯಮವು ನೆಲೆನಿಂತಿತು. ಬೀಸಿದ ಕೈಯು ತುಸು ಮಸುಕಾಗಿ ಕಾಣುವ ಆ ರೀತಿಗೇ ಕೆಲವು ತಲೆಮಾರುಗಳ ಕಣ್ಣು ಒಗ್ಗಿಹೋಯಿತು.

2012ರಲ್ಲಿ ಪೀಟರ್ ಜ್ಯಾಕ್ಸನ್ನರು 'ದಿ ಹಾಬಿಟ್' ಕಥೆಯ ಮೊದಲ ಭಾಗವನ್ನು ಸೆಕೆಂಡಿಗೆ 48 ಚಿತ್ರಗಳಂತೆಯೂ, 2016ರಲ್ಲಿ ಆಂಗ್ ಲೀಯವರು ಸೈನಿಕನೊಬ್ಬನ ಕಥೆಯನ್ನು 120 ಚಿತ್ರಗಳಂತೆಯೂ ತೆಗೆದರು. ಮಸುಕು ಕಳೆಯಿತು, ಚಲನೆಯು ನೀರಿನಂತೆ ನುಣುಪಾಯಿತು. ಆದರೆ ಆ ಸ್ಪಷ್ಟತೆಯಲ್ಲಿ ಕಥೆಯ ಲೋಕವು ಅಳಿದು, ವೇಷಭೂಷಣಗಳೂ ಮುಖದ ಬಣ್ಣವೂ ಕಟ್ಟಿದ ಗೋಡೆಗಳೂ ಎದ್ದು ಕಂಡುವೆಂದು ಅನೇಕ ಪ್ರೇಕ್ಷಕರು ದೂರಿದರು.

ಇದು ದೂರದೇಶದ ಚರ್ಚೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಮನೆಗೆ ಹೊಸ ಟೆಲಿವಿಷನ್ ಬಂದ ವಾರ, ವೃದ್ಧರಾದ ನಮ್ಮ ತಾಯಿಯವರು 1954ರ 'ಬೇಡರ ಕಣ್ಣಪ್ಪ'ವನ್ನು ನೋಡಲು ಕುಳಿತರು. ಸ್ವಲ್ಪ ಹೊತ್ತಿನಲ್ಲೇ, "ಇದು ನಾನು ನೋಡಿದ ಸಿನಿಮಾ ಅಲ್ಲವಮ್ಮಾ, ಯಾರೋ ಧಾರಾವಾಹಿಯ ಹಾಗೆ ಮಾಡಿಟ್ಟಿದ್ದಾರೆ" ಎಂದು ಎದ್ದುಹೋದರು. ವಿಚಾರಿಸಲಾಗಿ, ಆ ಪೆಟ್ಟಿಗೆಯು ಎರಡೆರಡು ಚಿತ್ರಗಳ ನಡುವೆ ಯಾವ ಕ್ಯಾಮೆರಾವೂ ತೆಗೆಯದ ಚಿತ್ರಗಳನ್ನು ತಾನೇ ಊಹಿಸಿ ಸೇರಿಸುತ್ತಿದ್ದಿತು. ಅದನ್ನು ನಿಲ್ಲಿಸಿದ ಮೇಲೆ ತಾಯಿಯವರು ಕಡೆಯವರೆಗೂ ಕುಳಿತು ನೋಡಿದರು. ಅಕ್ಷರವನ್ನೋದಲು ಮಬ್ಬಾಗಿದ್ದ ಆ ಕಣ್ಣುಗಳಿಗೆ ಈ ಭೇದವು ಮಾತ್ರ ತಪ್ಪಲಿಲ್ಲ.

ಹೆಚ್ಚಿನ ವೇಗವನ್ನು ನಾವು ಹಳಿಯುವವರಲ್ಲ. ಪಂದ್ಯದಲ್ಲಿ ಚೆಂಡಿನ ಓಟವನ್ನೂ ಹಕ್ಕಿಯ ರೆಕ್ಕೆಯ ಬಡಿತವನ್ನೂ ಕಾಣಲು ಅದು ಬಹು ಉಪಕಾರಿ. ಅಲ್ಲಿ ನಮಗೆ ಬೇಕಾದುದು ಇದ್ದುದನ್ನು ಇದ್ದಂತೆ ಕಾಣುವುದು. ಕಥೆಯಲ್ಲಾದರೋ ನೋಡುವವರ ಕಲ್ಪನೆಗೂ ಕೊಂಚ ಕೆಲಸವುಳಿಯಬೇಕು. ಎಲ್ಲವನ್ನೂ ತುಂಬಿಕೊಟ್ಟರೆ ಮನಸ್ಸು ಹೊರಗೇ ನಿಂತುಬಿಡುತ್ತದೆ.

ನಟ ಟಾಮ್ ಕ್ರೂಸರೂ 2018ರಲ್ಲಿ ಟೆಲಿವಿಷನ್ನಿನ ಈ ಏರ್ಪಾಡನ್ನು ನಿಲ್ಲಿಸಿ ಚಿತ್ರಗಳನ್ನು ನೋಡಬೇಕೆಂದು ಜನರನ್ನು ಕೇಳಿಕೊಂಡರು. ಮನೆಯಲ್ಲಿ ಹಿರಿಯರಿರುವ ಸೋದರಿಯರು ಹಳೆಯ ಚಿತ್ರವನ್ನು ಹಾಕಿಕೊಡುವ ಮುನ್ನ ಚಲನೆಯನ್ನು ನುಣುಪುಮಾಡುವ ಆ ಗುಂಡಿಯನ್ನೊಮ್ಮೆ ಪರೀಕ್ಷಿಸಬೇಕೆಂದು ನಮ್ಮ ಬಿನ್ನಹ. ಅವರು ನೋಡಬಯಸುವುದು ಅವರ ಯೌವನದಲ್ಲಿ ಕಂಡ ಚಿತ್ರವನ್ನೇ.