ಹಳೆಯ ಕಾರಿನ ಕಾಯಕ

ಅಂಬಾಸಿಡರ್ ಕಾರಿನ ತಯಾರಿಕೆ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರಲ್ಲಿಯೇ ನಿಂತುಹೋಯಿತು. ಆದರೂ ರಾಜಾಜಿನಗರ, ಬಸವೇಶ್ವರನಗರಗಳ ಮನೆಯಂಗಳಗಳಲ್ಲಿ ಅದನ್ನು ಜೋಪಾನ ಮಾಡಿಕೊಂಡು ಬಂದವರು ಇನ್ನೂ ಇದ್ದಾರೆ, ನಾನೂ ಅವರಲ್ಲೊಬ್ಬ. ಮಾಗಡಿ ರಸ್ತೆಯಲ್ಲಿ ಹಿಂದಕ್ಕೆ ಸರಿದ ಲಾರಿಯೊಂದು ನಮ್ಮ ಕಾರಿನ ಮುಂಭಾಗವನ್ನು ಜಜ್ಜಿತು. ಬಾನೆಟ್ಟು ಮಡಿಚಿಕೊಂಡು ರೇಡಿಯೇಟರು ಫ್ಯಾನಿಗೆ ತಾಗಿ ನಿಂತಿತು. ವೃದ್ಧ ತಾಯಿಯವರು ಮಠದ ದರ್ಶನಕ್ಕೆ ಹೋಗಿಬರುವ ವಾಹನವದು.

ತಗಡನ್ನು ಬಡಿದು, ಪುಟ್ಟಿ ಮೆತ್ತಿ, ಬಣ್ಣ ಬಳಿದರೆ ನೋಡುವವರ ಕಣ್ಣಿಗೆ ಸಾಕು. ಒಳಗೆ ಕುಳಿತವರ ಪ್ರಾಣಕ್ಕೆ ಸಾಲದು. ಆದಕಾರಣ ಬ್ಯಾಟರಿಯ ತಂತಿ ಕಳಚಿ, ಸುತ್ತಿಗೆ ಮುಟ್ಟುವ ಮೊದಲು ಗಾರೆಯವರ ತೂಗುಗುಂಡನ್ನು ಕೈಗೆತ್ತಿಕೊಂಡೆ. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಚಾಸಿಯ ಎಡಬಲಗಳ ಸರಿಜೋಡಿ ಬೋಲ್ಟುಗಳಿಂದ ಗುಂಡನ್ನಿಳಿಸಿ, ನೆಲದ ಮೇಲೆ ಸೀಮೆಸುಣ್ಣದ ಗುರುತಿಟ್ಟು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯಬೇಕು. ಎರಡು ಕರ್ಣಗಳೂ ಸಮವಿದ್ದರೆ ಪೆಟ್ಟು ಹೊರಗಿನದು. ವ್ಯತ್ಯಾಸ ಕಂಡರೆ, ಅಥವಾ ಬೆಸುಗೆ ಬಿಟ್ಟಿದ್ದರೆ, ಅದು ಮನೆಯಂಗಳದ ಕೆಲಸವಲ್ಲ; ನುರಿತ ಟಿಂಕರಿಂಗಿನವರದು. (ಅವರ ಎಣ್ಣೆಗೈಯನ್ನು ಕಂಡು ಮೂಗು ಮುರಿಯುವ ಭಕ್ತರೂ ನಮ್ಮಲ್ಲಿದ್ದಾರೆ, ಕಾಯಕದ ಮಾತು ಮಾತ್ರ ಅವರ ನಾಲಗೆಯ ತುದಿಯಲ್ಲಿಯೇ ಇರುತ್ತದೆ!)

ನನ್ನ ದಾರಗಳು ಸಮವಾಗಿದ್ದವು. ಜೆ.ಸಿ. ರಸ್ತೆಯಿಂದ ತಂದ ರೇಡಿಯೇಟರನ್ನು ಒಂದೇ ದಿನದಲ್ಲಿ ಕೂಡಿಸಿದೆ. ಬಾನೆಟ್ಟಿನ ಚಿಲಕಕ್ಕೆ ಎರಡು ದಿನ ಹಿಡಿಯಿತು. ಕೀಲು ಹಿಂಬದಿಯಲ್ಲಿರುವುದರಿಂದ, ಓಟದಲ್ಲಿ ಚಿಲಕ ಜಾರಿದರೆ ಬಾನೆಟ್ಟು ಗಾಳಿಗೆದ್ದು ಮುಂದಿನ ಗಾಜನ್ನೇ ಮುಚ್ಚೀತು. ಬಣ್ಣದ ಕೆಲಸ ಮಳೆಗಾಲ ಕಳೆದ ಮೇಲೆ. ತೇವದ ಹವೆಯಲ್ಲಿ ಬಳಿದರೆ ಅದು ಮಂಜುಗಟ್ಟಿದಂತೆ ಮಂಕಾಗುತ್ತದೆ.