ಸಿನಿಮಾದ ಲೆಕ್ಕ ಕಲಿಯಹೊರಟ ಹುಡುಗಿ

'ಸಿನಿಮಾ ಮಾಡಲು ದುಡ್ಡಿದ್ದರೆ ಸಾಕು, ಅದಕ್ಕೂ ಓದು ಬೇಕೇ?' ತಂಗಿಯ ಮಗಳು ಬಿ.ಕಾಂ. ಮುಗಿಸಿ ಚಲನಚಿತ್ರ ನಿರ್ಮಾಣ ಕಲಿಯುತ್ತೇನೆ ಎಂದಾಗ ಕೋಟೇಶ್ವರದ ನಮ್ಮ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆಯಿದು. ನಟಿಸಲು ಹೋಗುವುದಲ್ಲ ಎಂದು ತಿಳಿದ ಮೇಲೆ ಹಿರಿಯರ ಅರ್ಧ ಸಿಟ್ಟು ಇಳಿಯಿತು. ಕೋಲ್ಕತ್ತಾ ಎಂಬ ಹೆಸರು ಕೇಳಿದೊಡನೆ ಇಳಿದದ್ದು ಮತ್ತೆ ಏರಿತು.

1995ರಲ್ಲಿ ಆರಂಭವಾದ ಅಲ್ಲಿನ ಸತ್ಯಜಿತ್ ರೇ ಸಂಸ್ಥೆಯಲ್ಲಿ ಚಿತ್ರ ಮತ್ತು ಟಿವಿ ನಿರ್ಮಾಣಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಪದವಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆಯಬೇಕು.

ನಿರ್ಮಾಪಕನೆಂದರೆ ಹಣ ಹಾಕುವ ಧಣಿ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಲೇಖಕರಿಂದ ಕಥೆಯ ಹಕ್ಕು ಪಡೆಯುವುದು, ಚಿತ್ರಕಥೆಯ ಒಂದೊಂದು ದೃಶ್ಯಕ್ಕೂ ಖರ್ಚು ಅಂದಾಜಿಸುವುದು, ಕರಾರು, ಅನುಮತಿ, ಸಂಬಳ, ಸೆನ್ಸಾರ್ ಪ್ರಮಾಣಪತ್ರ, ಬಿಡುಗಡೆ ಎಲ್ಲವೂ ಆ ಕೆಲಸವೇ. ಮಳೆ ಬಂದು ಚಿತ್ರೀಕರಣ ನಿಂತರೂ ಕ್ಯಾಮರಾದ ಬಾಡಿಗೆ ನಿಲ್ಲುವುದಿಲ್ಲ, ಕೆಲಸಗಾರರ ಊಟ ನಿಲ್ಲಿಸುವಂತಿಲ್ಲ.

ಕರಾವಳಿಯವರಿಗೆ ಇದು ಹೊಸತೇನಲ್ಲ. ಯಕ್ಷಗಾನ ಮೇಳದ ಯಜಮಾನರು ವೇಷ ಕಟ್ಟುವುದಿಲ್ಲ, ಆದರೆ ಅವರಿಲ್ಲದೆ ಮೇಳ ಹೊರಡುವುದಿಲ್ಲ. ನನ್ನ ತಂದೆ ಗಂಗೊಳ್ಳಿಯಲ್ಲಿ ಬೋಟಿನ ಲೆಕ್ಕ ಬರೆಯುತ್ತಿದ್ದರು. ಡೀಸೆಲ್, ಮಂಜುಗಡ್ಡೆಯ ಖರ್ಚು ಕಳೆದು ಪಾಲು ಹಂಚುವಾಗ ಯಾರ ಬೆವರೂ ಲೆಕ್ಕದಿಂದ ತಪ್ಪಿಹೋಗಬಾರದು ಎನ್ನುತ್ತಿದ್ದರು. ಮೊಮ್ಮಗಳು ಕಲಿಯಹೊರಟಿರುವುದು ಇದನ್ನೇ ಅಲ್ಲವೇ?

ಇನ್ನೂ ಒಂದು ಮಾತಿದೆ. ಕುಂದಾಪುರದವರಾದ ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2008ರಲ್ಲಿ 'ಗುಲಾಬಿ ಟಾಕೀಸ್' ಮಾಡಿದರು. ನಮ್ಮ ಕಡಲತೀರದ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ ಅದರ ನಾಯಕಿ. ಅವಳ ಮನೆಗೆ ಟಿವಿ ಬಂದಾಗ ಕೇರಿಯ ಹೆಂಗಸರು ಸೇರುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ಕೇರಿಯಲ್ಲಿ ಸಂಶಯ ಬೆಳೆಯುತ್ತದೆ. ಉಮಾಶ್ರೀಯವರಿಗೆ ಆ ಪಾತ್ರ ರಾಷ್ಟ್ರಪ್ರಶಸ್ತಿ ತಂದಿತು. ನಾವು ಕಾಸರವಳ್ಳಿಯವರನ್ನೂ ಉಮಾಶ್ರೀಯವರನ್ನೂ ನೆನೆಯುತ್ತೇವೆ. ಇಂಥ ಕಥೆಗೆ ಹಣ ಹೂಡಬಹುದೆಂದು ಒಪ್ಪಿದ ನಿರ್ಮಾಪಕ ಬಸಂತ್ ಕುಮಾರ್ ಪಾಟೀಲರ ಹೆಸರು ಎಷ್ಟು ಜನರಿಗೆ ಗೊತ್ತು? ಯಾವ ಕಥೆ ತೆರೆಗೆ ಬರಬೇಕು ಎಂಬ ತೀರ್ಮಾನ ಕ್ಯಾಮರಾ ಓಡುವ ಮೊದಲೇ ಆಗಿರುತ್ತದೆ.

ಪರದೆಯ ಮೇಲೆ ನಮ್ಮವರನ್ನು ಭಯೋತ್ಪಾದಕರಾಗಿ, ಇಲ್ಲವೇ ಕವ್ವಾಲಿ ಹಾಡುವವರಾಗಿ ಮಾತ್ರ ತೋರಿಸುತ್ತಾರೆಂದು ದೂರುತ್ತೇವೆ. ದೂರು ನ್ಯಾಯವಾದದ್ದೇ. ಆದರೆ ಆ ತೀರ್ಮಾನ ನಡೆಯುವ ಕಡೆಗೆ ನಮ್ಮದೇ ಮನೆಯ ಹುಡುಗಿ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತೇವೆ.

ತಂಗಿಯ ಭಯವನ್ನು ನಾನು ಹಗುರವಾಗಿ ಕಾಣಲಾರೆ. 'ಅಣ್ಣಾ, ಅವಳು ಬ್ಯಾಂಕ್ ಪರೀಕ್ಷೆ ಬರೆದರೆ ನನಗೆ ರಾತ್ರಿ ನಿದ್ದೆ ಬಂದೀತು' ಎಂದಳು. ಸಿನಿಮಾದಲ್ಲಿ ತಿಂಗಳ ಸಂಬಳದ ಭರವಸೆಯಿಲ್ಲ. ಮದುವೆಯ ಮಾತು ಬಂದಾಗ ಈ ಓದನ್ನು ಏನೆಂದು ವಿವರಿಸುವುದು ಎಂಬುದೂ ತಾಯಿಯ ಚಿಂತೆ.

ಹುಡುಗಿ ವಾದಕ್ಕಿಳಿಯಲಿಲ್ಲ. ಶುಲ್ಕ, ಹಾಸ್ಟೆಲ್, ವರ್ಷಕ್ಕೆರಡು ಸಲದ ರೈಲು ಪ್ರಯಾಣ, ಸಿಗಬಹುದಾದ ವಿದ್ಯಾರ್ಥಿವೇತನ, ಕೆಲಸ ಸಿಗದಿದ್ದರೆ ಮುಂದೇನು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಾಯಿಯ ಮುಂದಿಟ್ಟಳು. ಬ್ಯಾಂಕ್ ಪರೀಕ್ಷೆಯನ್ನೂ ಬರೆಯುತ್ತೇನೆ ಎಂದಳು. ತಂಗಿ ಆ ಹಾಳೆಯನ್ನು ಎರಡು ಸಲ ಓದಿದಳು. ಹೂಂ ಎನ್ನಲಿಲ್ಲ, ಹರಿದು ಹಾಕಲೂ ಇಲ್ಲ. ಮರುದಿನ ನನಗೆ ಫೋನ್ ಮಾಡಿ, ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಹೇಗಿದೆಯೆಂದು ವಿಚಾರಿಸಲು ಹೇಳಿದ್ದಾಳೆ.